ಮೆಣಸಿನಕಾಯಿ ಉರಿ, ಬಿಸಿಲಿನ ಉರಿ

ಬ್ಯಾಡಗಿಯಲ್ಲಿ ಕಣ್ಣು ಕೆಂಪಾದರೆ ಯಾರೂ ಗಾಬರಿಯಾಗುವುದಿಲ್ಲ. ಮೈ ಉರಿದರೂ ಅಷ್ಟೇ. ಮೆಣಸಿನಕಾಯಿ ಮಾರುಕಟ್ಟೆಯ ಊರು. ಸೀಸನ್ನಿನಲ್ಲಿ ಗಂಡಸರು ಮನೆಗೆ ಬರುವುದೇ ಹಾಗೆ. ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ ಒಂದು ಲೋಟ ಮಜ್ಜಿಗೆ ಕೊಟ್ಟರೆ ಮುಗಿಯಿತು. ನನ್ನ ಗಂಡನಿಗೆ ಅಲ್ಲಿ ದಲಾಲಿ ಅಂಗಡಿಯಿತ್ತು. ಹೊಸಬರು ಸೀನಿ ಸೀನಿ ಸುಸ್ತಾಗುತ್ತಿದ್ದರೆ ಈ ಮಹಾಶಯರು ಮೂಗಿಗೆ ವಸ್ತ್ರವನ್ನೂ ಕಟ್ಟದೆ ರಾಶಿಗಳ ನಡುವೆ ಮೀಸೆ ತಿರುವುತ್ತ ಓಡಾಡುತ್ತಿದ್ದರು. ಜಂಬವೇನೋ ಜಂಬ, ಆದರೆ ನೋಡಲು ಚಂದವಿತ್ತು.

ಕೆಲವು ವರ್ಷಗಳ ಹಿಂದೆ, ಏಪ್ರಿಲ್ ತಿಂಗಳ ಕೆಟ್ಟ ಬಿಸಿಲಿನಲ್ಲಿ, ಅವರು ಮಧ್ಯಾಹ್ನವೇ ಮನೆಗೆ ಬಂದರು. ಕಣ್ಣು ಕೆಂಡವಾಗಿತ್ತು, ಮೈ ಸುಡುತ್ತಿತ್ತು.

"ಘಾಟು ಹತ್ತೇತಿ, ಅಷ್ಟ. ಒಂದೀಟು ಮಕ್ಕೋತೀನಿ," ಎಂದರು.

ಅಂಗಡಿಯವರೂ ಅದನ್ನೇ ಹೇಳಿ ಕಳಿಸಿದ್ದರು. ಎಣ್ಣೆ ಹಚ್ಚಿದೆ. ಸ್ವಲ್ಪ ಹೊತ್ತಿಗೆ ಅವರ ಮಾತು ತೊದಲತೊಡಗಿತು. ಹಾವೇರಿಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಉಸಿರಿರಲಿಲ್ಲ. ಬಿಸಿಲಿನ ಹೊಡೆತ ಎಂದರು ಡಾಕ್ಟರು. ನಮ್ಮೂರಿಗೆ ಗೊತ್ತಿದ್ದದ್ದು ಒಂದೇ ಉರಿ.

ಒಗೆಯದೆ ಇಟ್ಟ ಅವರ ಅಂಗಿಯೊಂದನ್ನು ಈಗಲೂ ಮೂಗಿಗೆ ಹಿಡಿಯುತ್ತೇನೆ. ಘಾಟೆಲ್ಲ ಹಾರಿಹೋಗಿದೆ; ಸೀನು ಬರುವುದಿಲ್ಲ.

ಈಗ ಊರುಗಳು ಎಚ್ಚೆತ್ತಿವೆ. ಬೇಸಿಗೆ ಬಂದರೆ ಗಾಡಿಗೆ ಮೈಕು ಕಟ್ಟಿ, ಮಧ್ಯಾಹ್ನ ಹೊರಗೆ ಬರಬೇಡಿ ಎಂದು ಕೂಗುತ್ತಾರೆ. ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿನಲ್ಲೂ ನೆರಳಿನ ಚಪ್ಪರ, ನೀರಿನ ಕೊಡ. ನಮ್ಮ ಮಾರುಕಟ್ಟೆಯಲ್ಲಿ ತೂಕ, ಲೋಡಿಂಗು ಬಿಸಿಲೇರುವ ಮೊದಲೇ ಮುಗಿಯಬೇಕು. ಗೇಟಿನ ಹತ್ತಿರ ನರ್ಸ್ ಒಬ್ಬರು ಐಸಿನ ಡಬ್ಬಿ ಇಟ್ಟುಕೊಂಡು ಕೂರುತ್ತಾರೆ. ಅವರ ಪಕ್ಕ ನಾನು, ಮಜ್ಜಿಗೆಯ ಕೊಡ ಹಿಡಿದು. ಮನೆಯಲ್ಲಿ ಕೂತು ಯಾರ ಮುಖ ನೋಡಲಿ?

ಈ ಬೇಸಿಗೆಯಲ್ಲಿ ಒಬ್ಬ ಹಮಾಲ ಚೀಲ ಇಳಿಸಿ, ಗೋಡೆ ಹಿಡಿದು ನಿಂತ. ಕಣ್ಣು ಕೆಂಪಗಿತ್ತು. ನರ್ಸ್ ವಿಚಾರಿಸಿದರೆ, "ಮೆಣಸಿನಕಾಯಿ ಉರಿ ಬಿಡ್ರಿ, ಅಕ್ಕಾರ," ಎಂದ.

ಕೈಯ ಲೋಟ ಕೆಳಗಿಟ್ಟು ಅವನತ್ತ ಓಡಿದೆ. "ಅಲ್ಲೋ ಯಪ್ಪಾ, ಅದು ಬಿಸಲು! ಕುಂದ್ರು ಅಲ್ಲೇ!" ಎಂದು ಕಿರುಚಿದೆ.

ನರ್ಸ್ ಅವನನ್ನು ನೆರಳಿಗೆ ಎಳೆದು ಮೈಮೇಲೆ ನೀರು ಸುರಿದರು, ಕಂಕುಳಿಗೆ ಐಸ್ ಇಟ್ಟರು, ಆಂಬುಲೆನ್ಸ್ ಕರೆಸಿದರು. ಸಂಜೆಯವರೆಗೆ ಗೇಟಿನಲ್ಲೇ ಮಜ್ಜಿಗೆ ಹಂಚಿದೆ. ತಡೆಯಲಾಗದೆ ಆಸ್ಪತ್ರೆಗೆ ಹೋದೆ. ಅವನು ಮಂಚದ ಮೇಲೆ ಎದ್ದು ಕೂತಿದ್ದ. ಅವನ ಹೆಂಡತಿ ವಾರ್ಡಿಗೆಲ್ಲ ಕೇಳುವಂತೆ ಝಾಡಿಸುತ್ತಿದ್ದಳು.

"ನಿನಗ ಬುದ್ಧಿ ಅನ್ನೂದು ಐತೇನ? ನೀ ಹ್ವಾದಿ ಅಂದ್ರ ನಾ ಏನ್ ಮಾಡ್ಬೇಕಿತ್ತು, ಹೇಳು?"

ಅವನು ತಲೆ ತಗ್ಗಿಸಿ ನಗುತ್ತಿದ್ದ. ಅಲ್ಲಿದ್ದ ಆಯಾ ಅವಳನ್ನು ಸುಮ್ಮನಿರಿಸಲು ಹೋದಳು.

"ಬಿಡ್ರಿ, ಬೈಲಿ," ಎಂದೆ.

ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡೆ. ಸಂತೋಷದ ಜೊತೆಗೆ ಹೊಟ್ಟೆಕಿಚ್ಚೂ ಆಯಿತು, ಸುಳ್ಳು ಯಾಕೆ ಹೇಳಲಿ. ನನಗೂ ನನ್ನ ಗಂಡನನ್ನು ಒಂದೇ ಒಂದು ಸಲ ಹಾಗೆ ಬೈಯಬೇಕಿತ್ತು.