ನಿಧಾನಕ್ಕೆ ತಿರುಗಿದ ಹಾಡು

ಕಾದ ಧೂಳಿನ ವಾಸನೆ ಬಂದರೆ ಲುಟ್ಗಾರ್ಟ್ ಅವರಿಗೆ ಅಪ್ಪ ನೆನಪಾಗುತ್ತಾರೆ. ಗೆಂಟ್ ನಗರದ ಓಣಿಯೊಂದರಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ಅಪ್ಪ ಹಳೆಯ ಪೆಟ್ಟಿಗೆಗೆ ಕರೆಂಟು ಕೊಟ್ಟರೆ ಮೊದಲು ಬರುತ್ತಿದ್ದುದು ಹಾಡಲ್ಲ, ಈ ವಾಸನೆ. ಈಗ, ಬೆಳಕು ಹರಿಯುವ ಮುಂಚೆ ಬಡಾವಣೆಯ ಸಭಾಂಗಣದ ಬೀಗ ತೆಗೆದು, ಬಾಯ್ಲರ್ ಕೋಣೆಯಲ್ಲಿ ಕಂಬಳಿ ಹೊದ್ದಿರುವ ಹಳೆಯ ಕೀಬೋರ್ಡಿನ ಸ್ವಿಚ್ ಒತ್ತುವಾಗಲೂ ಅದೇ ವಾಸನೆ.

"ಇವಳಿಗೆ ಚಳಿ ಆಗಿಬರಲ್ಲ. ಬೆಚ್ಚಗಾಗೋವರೆಗೂ ಮುಟ್ಟೋ ಹಾಗಿಲ್ಲ, ಶ್ರುತಿ ಜಾರಿಬಿಡತ್ತೆ," ಎನ್ನುತ್ತಾರೆ.

ಅದು ಬೆಚ್ಚಗಾಗುವಷ್ಟರಲ್ಲಿ ಅವರು ಸಭಾಂಗಣದ ನೆಲ ಒರೆಸಿ, ಇಸ್ಪೀಟಾಡಲು ಬರುವ ಹಿರಿಯರಿಗೆ ಕುರ್ಚಿ ಜೋಡಿಸುತ್ತಾರೆ. ಸೊಂಟ ನೋವಿನವರೊಬ್ಬರ ಕುರ್ಚಿಗೆ ಮೆತ್ತೆ ಹಾಕಿ ಹೀಟರಿನ ಪಕ್ಕ ಇಡುವುದನ್ನು ಮರೆಯುವುದಿಲ್ಲ. ಕಸಬರಿಕೆ ಹಿಡಿದ ಈ ಹೆಂಗಸು ಒಂದು ಕಾಲಕ್ಕೆ 'ಗಾಜಿನ ಟ್ರಾಮ್' ಎಂಬ ಸಂಗೀತ ತಂಡದಲ್ಲಿದ್ದರೆಂದು ಅಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

ಎಂಬತ್ತರ ದಶಕದ ಆರಂಭ. ಹಾಡುವವನು ಲೀವೆನ್, ಕೀಬೋರ್ಡಿಗೆ ಲುಟ್ಗಾರ್ಟ್. ಡ್ರಮ್ ಬಾರಿಸಲು ಮನುಷ್ಯ ಸಿಗದೆ ಯಂತ್ರವೊಂದನ್ನು ತಂದರು. ಅವರದು ಒಂದೇ ಒಂದು ರೆಕಾರ್ಡು, 'ಬಾಗಿಲ ಬಳಿ ನಿಲ್ಲಬೇಡಿ'. ಚುರುಕಾದ ಹಾಡು, ಅದರಲ್ಲಿ ಲೀವೆನ್‌ನ ದನಿ ತಾರಕದಲ್ಲಿ ಮಿಂಚುತ್ತಿತ್ತು. ಊರಾಚೆಯ ಕುಣಿತದ ಕ್ಲಬ್ಬಿನಲ್ಲಿ ರೆಕಾರ್ಡು ಹಾಕುವವನು ಒಂದು ದಿನ ರೆಕಾರ್ಡ್ ಪ್ಲೇಯರಿನ ವೇಗ ಬದಲಿಸಲು ಮರೆತ. ಹಾಡು ನಿಧಾನವಾಗಿ, ಗಡುಸಾದ ದನಿಯಲ್ಲಿ ತಿರುಗಿತು. ಜನ ಮೈಮರೆತು ಕುಣಿದರು. ಅಂದಿನಿಂದ ಸುತ್ತಮುತ್ತಲಿನ ಕ್ಲಬ್ಬುಗಳೆಲ್ಲ ಅದನ್ನು ಹಾಗೆಯೇ ಹಾಕಿದವು.

ತಂಡ ವೇದಿಕೆ ಹತ್ತಿ ಹಾಡನ್ನು ತಾವು ಕಟ್ಟಿದ ವೇಗದಲ್ಲಿ ಶುರುಮಾಡಿದರೆ ಜನ "ನಿಧಾನ! ನಿಧಾನ!" ಎಂದು ಕೂಗಿದರು.

"ನಿಧಾನಕ್ಕೇ ನುಡಿಸೋಣ ಕಣೋ, ಅವರಿಗೆ ಬೇಕಾಗಿರೋದು ಅದೇ," ಎಂದರು ಲುಟ್ಗಾರ್ಟ್.

"ಅದು ನನ್ನ ದನಿ ಅಲ್ಲ ಕಣೇ. ಯಾವನೋ ಮುದುಕ ಹಾಡಿದ ಹಾಗಿರತ್ತೆ!" ಲೀವೆನ್ ಅರ್ಧಕ್ಕೇ ಇಳಿದು ಹೋದ. ಆ ಚಳಿಗಾಲ ಕಳೆಯುವುದರೊಳಗೆ ತಂಡವೂ ಇಲ್ಲವಾಯಿತು. ಆತ ನಿವೃತ್ತನಾಗುವವರೆಗೆ ನಿಜವಾದ ಟ್ರಾಮ್ ಓಡಿಸಿದ. ಲುಟ್ಗಾರ್ಟ್ ಸಿಕ್ಕ ಕೆಲಸ ಮಾಡಿದರು, ಕೀಬೋರ್ಡನ್ನು ಮಾತ್ರ ಮಾರಲಿಲ್ಲ.

ಈ ಶನಿವಾರ ಸಭಾಂಗಣದ ವಾರ್ಷಿಕೋತ್ಸವ. ಆ ಹಾಡನ್ನು ಒಮ್ಮೆ ಹಾಡಿ ಎಂದು ಹಳಬರೊಬ್ಬರು ಕೇಳಿದ್ದಾರೆ. "ಜನರ ಮುಂದೆ ಅದು ಕೊನೇವರೆಗೂ ಆಗ್ಲೇ ಇಲ್ಲ ನೋಡಿ. ಒಂದ್ಸಲ ಮುಗಿಸಿಬಿಟ್ರೆ ಸಾಕು," ಎನ್ನುತ್ತಾರೆ ಲುಟ್ಗಾರ್ಟ್. ಅವರಿಗಿರುವ ಆಸೆ ಅಷ್ಟೇ.

ಇವತ್ತು ತಾಲೀಮಿಗೆಂದು ಲೀವೆನ್ ಬಾಯ್ಲರ್ ಕೋಣೆಗೆ ಬಂದಿದ್ದಾರೆ, ಕೈಯಲ್ಲಿ ಬಟ್ಟೆ ಸುತ್ತಿದ ಪಾತ್ರೆ.

"ನಿನ್ನ ಮುದುಕಿ ಇನ್ನೂ ಬದುಕಿದಾಳಾ?" ಕೀಬೋರ್ಡಿನ ಕಡೆ ಗಲ್ಲ ಎತ್ತಿ ಕೇಳುತ್ತಾರೆ.

"ನಿನಗಿಂತ ಗಟ್ಟಿಯಾಗಿದಾಳೆ. ಶುರುಮಾಡು."

ಡ್ರಮ್ಮಿನ ಯಂತ್ರ ಟಕಟಕ ಓಡುತ್ತದೆ. ತಾರಕದ ಸಾಲಿಗೆ ಬಂದಾಗ ದನಿ ಒಡೆಯುತ್ತದೆ. ಮತ್ತೊಮ್ಮೆ, ಮತ್ತೆ ಅಲ್ಲಿಯೇ. ಲೀವೆನ್ ಕೋಟು ಎತ್ತಿಕೊಳ್ಳುತ್ತಾರೆ.

"ಬೇರೆ ಯಾರನ್ನಾದ್ರೂ ನೋಡ್ಕೋ ಮಾರಾಯ್ತಿ. ಇದನ್ನ ಹಾಡ್ತಿದ್ದ ಹುಡುಗ ಹೋಗಿ ಎಷ್ಟೋ ಕಾಲ ಆಯ್ತು."

ನಿಧಾನಕ್ಕೆ ಹಾಡೋಣವೆಂದು ಆ ಕಾಲದಲ್ಲೇ ಹೇಳಿರಲಿಲ್ಲವೇ ಎಂದು ಲುಟ್ಗಾರ್ಟ್ ಕೇಳಬಹುದಿತ್ತು. ಕೇಳುವುದಿಲ್ಲ. ಯಂತ್ರದ ಗುಬುಟು ತಿರುಗಿಸಿ ಲಯ ಇಳಿಸುತ್ತಾರೆ, ಕೈಗಳನ್ನು ಮಂದ್ರದ ಕಡೆಗೆ ಸರಿಸಿ ಅದೇ ಹಾಡನ್ನು ನುಡಿಸತೊಡಗುತ್ತಾರೆ.

ಬಾಗಿಲಿಗೆ ಕೈಯಿಟ್ಟ ಲೀವೆನ್ ನಿಲ್ಲುತ್ತಾರೆ. "ಇದು ಆ ಮುದುಕನ ಹಾಡು."

"ಹೌದು. ಬಂದಿದಾನಲ್ಲ, ಹಾಡಲಿ ಬಿಡು."

ಲೀವೆನ್ ಅಲ್ಲಿಯೇ ನಿಂತು, ಕೋಟು ತೋಳಿನ ಮೇಲಿದ್ದಂತೆಯೇ ಹಾಡುತ್ತಾರೆ. ಆ ಸಾಲು ಬರುತ್ತದೆ, ಹೋಗುತ್ತದೆ, ಎಲ್ಲಿಯೂ ಒಡೆಯುವುದಿಲ್ಲ. ಹಾಡು ಮುಗಿಯುತ್ತದೆ.

ಹೊರಗೆ ಇಸ್ಪೀಟಿನವರು ಬರುವ ಸದ್ದು. ಲೀವೆನ್ ಪಾತ್ರೆಯ ಬಟ್ಟೆ ಬಿಚ್ಚಿ, ಮಾಂಸದ ಉಂಡೆ ಹಾಕಿದ ಟೊಮೆಟೊ ಸೂಪನ್ನು ಬಟ್ಟಲಿಗೆ ಬಗ್ಗಿಸಿ, ಬೆಣ್ಣೆ ಸವರಿದ ಬ್ರೆಡ್ಡನ್ನು ಅಂಚಿಗಿಟ್ಟು ಲುಟ್ಗಾರ್ಟ್ ಅವರ ಕೈಗೆ ಕೊಡುತ್ತಾರೆ.