ಒಬ್ಬಳೇ ಹೊರಡುವ ಪೂರ್ಣಿಮಾ

ವೇಲಚೇರಿಯ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವ ದಾವಣಗೆರೆಯ ಪೂರ್ಣಿಮಾ ವರ್ಷಕ್ಕೊಮ್ಮೆ ಬೇರೆ ಯಾವುದಾದರೂ ಊರಲ್ಲಿ ನಡೆಯುವ ಲಿನಕ್ಸ್ ತಂತ್ರಾಂಶದ ಸಮ್ಮೇಳನಕ್ಕೆ ಸ್ವಂತ ಖರ್ಚಿನಲ್ಲಿ ಹೊರಡುತ್ತಾಳೆ, ಅದೂ ಒಬ್ಬಳೇ. ಕಾರ್ಯಕ್ರಮಪಟ್ಟಿ ಕೈಗೆ ಬಂದರೆ ಅವಳು ಮೊದಲು ಹುಡುಕುವುದು ಭಾಷಣಕಾರರ ಹೆಸರನ್ನಲ್ಲ, ಮಧ್ಯಾಹ್ನದ ಊಟದ ಖರ್ಚು ಸಂಘಟಕರದೋ ತನ್ನದೋ ಎಂಬುದನ್ನು. ಎರಡು ತಿಂಗಳು ಮೊದಲೇ ಸ್ಲೀಪರ್ ಟಿಕೆಟ್, ಸ್ಟೇಷನ್ ಹಿಂದಿನ ಲಾಡ್ಜಿನಲ್ಲಿ ಕಿಟಕಿಯಿಲ್ಲದ ರೂಮು, ದಾರಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಆಟೋದವನು ಬಾಯಿ ತೆರೆಯುವ ಮೊದಲೇ ಕೈಯಾಡಿಸಿ ನಡೆದುಬಿಡುತ್ತಾಳೆ. "ನಿನ್ನಂಥೋರು ಇನ್ನೂ ನಾಲ್ಕು ಜನ ಇದ್ರೆ ಆಟೋದೋರೆಲ್ಲ ಊರು ಬಿಡ್ಬೇಕು ಕಣೇ" ಎಂದು ಆಫೀಸಿನಲ್ಲಿ ಪಕ್ಕದ ಮೇಜಿನ ತೇಜು ನಗುತ್ತಾಳೆ. ಎರಡು ಸಾವಿರದ ನಾಲ್ಕರಲ್ಲಿ ಪುಣೆಗೆ ಹೊರಟಾಗ ತೇಜುವೇ ಕೇಳಿದಳು, "ನಾನೂ ಬರ್ಲಾ? ರೂಮು ಹಂಚ್ಕೊಂಡ್ರೆ ಅರ್ಧ ಬಾಡಿಗೆ ಉಳಿಯುತ್ತೆ." ಪೂರ್ಣಿಮಾ ಬೇಡವೆಂದು ತಲೆಯಾಡಿಸಿದಳು. ಒಂದು ರೂಪಾಯಿ ಉಳಿಸಲು ಎರಡು ಮೈಲಿ ನಡೆಯುವವಳು ಅರ್ಧ ಬಾಡಿಗೆ ಬೇಡವೆನ್ನುವುದೇ! ತೇಜುವಿನ ಮುಖ ಬಾಡಿದ್ದನ್ನು ಕಂಡು ಪೂರ್ಣಿಮಾ ಕಷ್ಟಪಟ್ಟು ಬಾಯಿಬಿಟ್ಟಳು. "ಗೊ... ಗೊತ್ತಿರೋರ ಮುಂದೆ ನಂಗೆ ಮಾತು ತೊದಲುತ್ತೆ. ಅಲ್ಲಿ ನನ್ನ ಪರಿಚಯ ಯಾರಿಗೂ ಇಲ್ಲ. ಮೈಕ್ ಹಿಡಿದು ಒಂದೇ ಒಂದು ಪ್ರಶ್ನೆ ಕೇಳ್ತೀನಿ. ಅದಕ್ಕೇ ಹೋ... ಹೋಗೋದು." ಮೀಟಿಂಗುಗಳಲ್ಲಿ ಇವಳು ಬರೀ ತಲೆಯಾಡಿಸಿ ಎದ್ದುಬರುವುದೇಕೆಂದು ತೇಜುವಿಗೆ ಮೂರು ವರ್ಷಗಳಲ್ಲಿ ಮೊದಲ ಸಲ ತಿಳಿಯಿತು. ಅವಳು ತನ್ನ ಮುಖ ಕಾಣದಂತೆ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು, "ಈ ಸಲ ಏನು ಕೇಳ್ತೀಯಾ?" ಎಂದಳು. ಪೂರ್ಣಿಮಾ ಎದ್ದು ನಿಂತು, ಆ ಬೆನ್ನಿಗೆ ತನ್ನ ಪ್ರಶ್ನೆಯನ್ನು ಎಲ್ಲೂ ತೊದಲದೆ ಪೂರ್ತಿ ಕೇಳಿದಳು.