ಕಂಡಕ್ಟರ್ ಸೀಟು ಖಾಲಿಯಿದ್ದರೂ ನಿಂತೇ ಇದ್ದೆ

ಆ ಹೆಂಗಸು ನನ್ನ ಮೇಲೆ ಕಣ್ಣಿಟ್ಟಿದ್ದಾಳೆ ಎಂಬುದು ಮೂರನೆಯ ದಿನವೇ ನನಗೆ ಖಾತ್ರಿಯಾಯಿತು. ಸಂಜೆ ರಾಮನಗರದಲ್ಲಿ ಹತ್ತಿ ಮಾಗಡಿಯಲ್ಲಿ ಇಳಿಯುತ್ತಿದ್ದಳು. ಐವತ್ತರ ಆಸುಪಾಸಿನ ವಯಸ್ಸು, ಹತ್ತಿ ಸೀರೆ, ಮಡಿಲಲ್ಲೊಂದು ಚೀಲ. ಉಳಿದವರು ಕೂತ ತಕ್ಷಣ ಫೋನ್ ತೆಗೆಯುತ್ತಿದ್ದರು, ಇಲ್ಲವೇ ಕಿಟಕಿಗೆ ತಲೆ ಕೊಟ್ಟು ತೂಕಡಿಸುತ್ತಿದ್ದರು. ಇವಳು ಮಾತ್ರ ನನ್ನನ್ನೇ ನೋಡುತ್ತಿದ್ದಳು. ಹಂಪ್ ಬಂದಾಗಲಂತೂ ಕತ್ತು ಚಾಚಿ ನೋಡುತ್ತಿದ್ದಳು.

ನಾನು ಆಗ ಕನಕಪುರದಿಂದ ರಾಮನಗರದ ಮೇಲೆ ಮಾಗಡಿಗೆ ಹೋಗಿ ಬರುವ ಬಸ್ಸಿನ ಲೇಡಿ ಕಂಡಕ್ಟರ್. ಹೆಂಗಸರಿಗೆ ಪ್ರಯಾಣ ಉಚಿತವಾದ ಮೇಲೆ ಬಸ್ಸಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಒಬ್ಬರಿಗೆ ಸೊನ್ನೆ ಟಿಕೆಟ್ ಕೊಡುವುದು ಮರೆತರೂ ಚೆಕಿಂಗ್‌ನವರ ಕೈಗೆ ಸಿಕ್ಕಿಬೀಳಬೇಕು. ಇವಳು ಅವರ ಕಡೆಯವಳೇ ಇರಬೇಕೆಂದು, ಹತ್ತಿದ ಕೂಡಲೇ ಮೊದಲ ಟಿಕೆಟ್ ಅವಳ ಕೈಗೇ ಇಡುತ್ತಿದ್ದೆ. ಆಮೇಲೂ ನೋಡುವುದನ್ನು ಬಿಡಲಿಲ್ಲ.

ನಾನು ಮುಚ್ಚಿಡುತ್ತಿದ್ದ ವಿಷಯ ಬೇರೆಯದೇ. ಎರಡು ತಿಂಗಳಿಂದ ನನಗೆ ಕೂರಲು ಆಗುತ್ತಿರಲಿಲ್ಲ. ಬೆಳಗ್ಗೆ ಎರಡಕ್ಕೆ ಹೋದರೆ ಗಾಜಿನ ಚೂರು ಹೊರಬಂದಂತೆ ನೋವು. ಎದ್ದು ಬಂದ ಮೇಲೂ ಒಂದೆರಡು ಗಂಟೆ ಉರಿ. ಕೆಲವೊಮ್ಮೆ ಕೆಂಪಾಗಿ ರಕ್ತದ ಹನಿ. ಆ ಹಿಂಸೆಗೆ ಹೆದರಿ ಹೋಗುವುದನ್ನೇ ಮುಂದೂಡುತ್ತಿದ್ದೆ. ಒಂದು ದಿನ ತಡೆದರೆ ಮರುದಿನ ಇನ್ನೂ ಗಟ್ಟಿ, ಇನ್ನೂ ನೋವು.

ಸೋದರತ್ತೆ ಹೊಟ್ಟೆಯೊಳಗಿನ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ನನಗೂ ಅದೇ ಬಂದಿದೆ ಎಂದುಕೊಂಡೆ. ಹೇಳಿದರೆ ನಿಜವಾಗಿಬಿಡುತ್ತದೇನೋ ಎಂಬ ಭಯಕ್ಕೆ ಗಂಡನಿಗೂ ಹೇಳಲಿಲ್ಲ. ಅವರಿಗೆ ಅವರದೇ ಅನುಮಾನ. ಒಂದು ಬೆಳಗ್ಗೆ ಬಚ್ಚಲ ಬಾಗಿಲು ತಟ್ಟಿ, "ಅರ್ಧ ಗಂಟೆಯಿಂದ ಒಳ್ಗೆ ಏನ್ಮಾಡ್ತಾ ಇದೀಯ? ಫೋನಲ್ಲಿ ಯಾರ್ ಜೊತೆ ಮಾತು?" ಎಂದರು. ನನ್ನ ಫೋನ್ ಅಡುಗೆಮನೆಯ ಕಟ್ಟೆಯ ಮೇಲೇ ಇತ್ತು. ಅದನ್ನು ನೋಡಿದ ಮೇಲೂ ಅವರ ಮುಖ ತಿಳಿಯಾಗಲಿಲ್ಲ.

ಕೊನೆಗೆ ಗೋಡೆಬರಹ ನಂಬಿದೆ. "ಮೂಲವ್ಯಾಧಿಗೆ ಆಪರೇಷನ್ ಇಲ್ಲದೆ ಗ್ಯಾರಂಟಿ ಚಿಕಿತ್ಸೆ" ಎಂದು ದಾರಿಯುದ್ದಕ್ಕೂ ಬರೆದಿತ್ತು. ನಮ್ಮೂರಿನಲ್ಲಿ ಯಾರಾದರೂ ನೋಡಿಯಾರೆಂದು, ರಜೆಯ ದಿನ ಮಾಸ್ಕ್ ಹಾಕಿಕೊಂಡು ಚನ್ನಪಟ್ಟಣದ ಕಡೆ ಹೋದೆ. ಆ ಮನುಷ್ಯ ನನ್ನನ್ನು ಪರೀಕ್ಷೆ ಮಾಡಲಿಲ್ಲ. "ಎಷ್ಟು ದಿನದಿಂದ?" ಎಂದಷ್ಟೇ ಕೇಳಿ, ಚೀಟಿಯಿಲ್ಲದ ಪ್ಲಾಸ್ಟಿಕ್ ಕವರಿನಲ್ಲಿ ಬೂದುಬಣ್ಣದ ಪುಡಿ ಕೊಟ್ಟ.

"ಇದ್ರಲ್ಲಿ ಏನೇನೈತೆ?" ಎಂದು ಕೇಳಿದೆ.

"ಅದು ನಮ್ಮ ವಂಸದ ಗುಟ್ಟು ಕಣಮ್ಮ. ನಂಬಿಕೆ ಇದ್ರೆ ತಗೋ."

ನಂಬಿಕೆ ಇರಲಿಲ್ಲ, ಆದರೂ ತೆಗೆದುಕೊಂಡೆ. ಎರಡು ದಿನ ಹೊಟ್ಟೆ ಹಿಂಡಿ ಭೇದಿಯಾಯಿತು. ಗಾಯಕ್ಕೆ ಉಪ್ಪು ಸವರಿದಂತಾಯಿತು. ಪುಡಿ ನಿಲ್ಲಿಸಿದ ಮೇಲೆ ಮತ್ತೆ ಕಲ್ಲು. ಉಳಿದ ಪುಡಿಯನ್ನು ಚರಂಡಿಗೆ ಸುರಿದೆ.

ಅದಾಗಿ ವಾರಕ್ಕೆ, ಬಸ್ಸು ಮಾಗಡಿ ತಲುಪಿ ಎಲ್ಲರೂ ಇಳಿದರೂ ಆ ಹೆಂಗಸು ಇಳಿಯಲಿಲ್ಲ. ಬಂತು ಗಂಡಾಂತರ ಎಂದುಕೊಂಡು ಟಿಕೆಟ್ ಮಿಷಿನ್ ಬಿಗಿಯಾಗಿ ಹಿಡಿದೆ. ಹತ್ತಿರ ಬಂದು ದನಿ ತಗ್ಗಿಸಿ ಕೇಳಿದಳು:

"ಕುಂತ್ಕೊಳಕ್ಕೆ ಆಯ್ತಾ ಇಲ್ವೇನವ್ವಾ?"

"ಯಾಕೆ? ನಿಂತ್ಕೊಂಡ್ರೆ ನಿಮ್ಗೇನು ತೊಂದ್ರೆ?" ಎಂದೆ ಒರಟಾಗಿ.

"ನಂಗೇನಿಲ್ಲ. ನಾನು ಆಸ್ಪತ್ರೇಲಿ ನರ್ಸು. ಹಂಪ್ ಬಂದಾಗೆಲ್ಲ ಹಲ್ಲು ಕಚ್ತೀಯ. ಬೆಳಗ್ಗೆಯಿಂದ ಎಷ್ಟು ನೀರು ಕುಡ್ದಿದ್ದೀಯ, ಹೇಳು."

ಡ್ಯೂಟಿಯ ದಿನ ನಾನು ನೀರು ಕುಡಿಯುತ್ತಲೇ ಇರಲಿಲ್ಲ. ಕುಡಿದರೆ ಹೋಗಬೇಕು, ಹೋಗಲು ದಾರಿಯ ಹಳ್ಳಿ ಸ್ಟಾಪುಗಳಲ್ಲಿ ಜಾಗವಿಲ್ಲ, ಸ್ಟ್ಯಾಂಡಿನಲ್ಲಿ ಸಿಗುವ ಐದು ನಿಮಿಷ ಕಂಟ್ರೋಲರ್ ಬಳಿ ಎಂಟ್ರಿ ಹಾಕಿಸುವುದಕ್ಕೇ ಸಾಲದು. ಅದನ್ನು ಹೇಳಹೋಗಿ ಅತ್ತುಬಿಟ್ಟೆ.

ಮರುದಿನ ಆ ನರ್ಸಕ್ಕನೇ ನನ್ನನ್ನು ರಾಮನಗರದಲ್ಲಿ ಒಬ್ಬ ಲೇಡಿ ಡಾಕ್ಟರ ಬಳಿ ಕರೆದುಕೊಂಡು ಹೋದರು. ಡಾಕ್ಟರು ಪರದೆ ಎಳೆದು, ಮಗ್ಗುಲಾಗಿ ಮಲಗಿಸಿ, ನೋಡಿ, ಕೈ ತೊಳೆದುಕೊಂಡರು.

"ಇದು ಮೂಲವ್ಯಾಧಿ ಅಲ್ಲ, ಫಿಶರ್. ಗಟ್ಟಿ ಮಲ ಬಂದು ಅಲ್ಲಿನ ಚರ್ಮ ಬಿರುಕು ಬಿಟ್ಟಿದೆ. ನೋವಿಗೆ ಹೆದರಿ ತಡೆಯೋದು, ತಡೆದಷ್ಟೂ ಗಟ್ಟಿಯಾಗೋದು, ಮತ್ತೆ ಅದೇ ಜಾಗ ಬಿರಿಯೋದು."

"ಕ್ಯಾನ್ಸರ್ ಅಲ್ವಾ, ನಿಜ ಹೇಳಿ ಮೇಡಂ."

"ನಂಗೆ ಕಾಣ್ತಿರೋದು ಬಿರುಕು. ಆರು ವಾರದಲ್ಲಿ ವಾಸಿಯಾಗದಿದ್ರೆ, ರಕ್ತ ಜಾಸ್ತಿ ಆದ್ರೆ, ತೂಕ ಇಳಿದ್ರೆ ಒಳಗೂ ಪರೀಕ್ಷೆ ಮಾಡೋಣ. ಸುಮ್ನೆ ಸಮಾಧಾನಕ್ಕೆ ಹೇಳ್ತಿಲ್ಲ."

ಮಲ ಮೆದುವಾಗಲು ರಾತ್ರಿ ಇಸಬಗೋಲು, ಹಚ್ಚಲು ಒಂದು ಮುಲಾಮು. ದಿನಕ್ಕೆ ಎರಡು ಮೂರು ಸಲ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಹತ್ತು ನಿಮಿಷ ಕೂರಬೇಕು. ಸೊಪ್ಪು, ಕಾಳು, ಹಣ್ಣು, ಚೆನ್ನಾಗಿ ನೀರು. ತಿಣುಕಬಾರದು, ಬಂದಾಗ ತಡೆಯಬಾರದು. ಅಷ್ಟೇ. ನನಗೆ ಇದೂ ಅನುಮಾನವೇ. ಎರಡು ತಿಂಗಳು ಜೀವ ಹಿಂಡಿದ ರೋಗ ಬಿಸಿನೀರಿಗೆ ಹೋಗುತ್ತದೆಯೇ? ದೊಡ್ಡದೇನನ್ನೋ ಮುಚ್ಚಿಟ್ಟು ಸಾಗಹಾಕುತ್ತಿದ್ದಾರೆಯೇ? ಚೀಟಿಯನ್ನು ಇನ್ನೊಂದು ಔಷಧಿ ಅಂಗಡಿಯಲ್ಲಿ ತೋರಿಸಿ, "ಇದು ಯಾತಕ್ಕೆ ಕೊಡೋದು?" ಎಂದು ಪರೀಕ್ಷಿಸಿ ಬಂದೆ. ಅವರೂ ಅದನ್ನೇ ಹೇಳಿದರು.

ಟಬ್ ತಂದ ದಿನ ಗಂಡನಿಗೆ ಎಲ್ಲ ಹೇಳಲೇಬೇಕಾಯಿತು. ಅವರು "ಮೊದ್ಲೇ ಹೇಳಕ್ಕೆ ಏನಾಗಿತ್ತು ನಿಂಗೆ?" ಎಂದು ನೀರು ಕಾಯಿಸಲು ಹೋದರು. ಎರಡನೆಯ ವಾರಕ್ಕೆ ಉರಿ ತಗ್ಗಿತು, ಐದನೆಯ ವಾರಕ್ಕೆ ನೋವು ಹೋಯಿತು. ತೋರಿಸಲು ಮತ್ತೆ ಹೋದಾಗ ಡಾಕ್ಟರು ಗಾಯ ಮಾಯ್ದಿದೆ ಎಂದರು. ಅಭ್ಯಾಸ ಬಿಟ್ಟರೆ ಮತ್ತೆ ಬರುತ್ತದೆ ಎಂದೂ ಎಚ್ಚರಿಸಿದರು.

ಆದರೆ ಒಂದು ಪ್ರಶ್ನೆ ನನ್ನನ್ನು ಕೊರೆಯುತ್ತಲೇ ಇತ್ತು. ತುಂಬಿದ ಬಸ್ಸಿನಲ್ಲಿ ನರ್ಸಕ್ಕ ನನ್ನೊಬ್ಬಳನ್ನೇ ಏಕೆ ಗಮನಿಸಿದರು? ಒಂದು ಸಂಜೆ ಬಸ್ಸಿನಲ್ಲೇ ಕೇಳಿಯೇಬಿಟ್ಟೆ. ಅವರು ನಕ್ಕು ಡ್ರೈವರ್ ಕಡೆ ಕೈ ತೋರಿಸಿದರು. ಡ್ರೈವರಣ್ಣ ಮಾಗಡಿ ಹತ್ತಿರದ ಕಲ್ಯದವರು, ಇವರ ದೂರದ ನೆಂಟರಂತೆ. ಕನ್ನಡಿಯಲ್ಲಿ ನಾನು ನಿಂತೇ ಇರುವುದನ್ನು ಕಂಡು, ಹೆಣ್ಣುಮಗಳನ್ನು ತಾವು ಕೇಳುವುದು ಹೇಗೆಂದು, "ಒಸಿ ನೋಡು" ಎಂದು ಇವರಿಗೆ ಹೇಳಿದ್ದರಂತೆ.

ನನಗೆ ಮೈಯೆಲ್ಲ ಉರಿದುಹೋಯಿತು. ಕೃತಜ್ಞತೆಗಿಂತ ಮೊದಲು ಬಂದದ್ದು ನಾಚಿಕೆ, ಸಿಟ್ಟು. ಎರಡು ದಿನ ಡ್ರೈವರಣ್ಣನೊಂದಿಗೆ ಸೀಟಿಯಲ್ಲಷ್ಟೇ ಮಾತಾಡಿದೆ. ಮೂರನೆಯ ದಿನ ಬಸ್ಸು ಖಾಲಿಯಿದ್ದಾಗ ಕೇಳಿದೆ, "ಅಣ್ಣ, ಡಿಪೋದಲ್ಲಿ ಯಾರ್‌ಯಾರಿಗೆ ಹೇಳಿದ್ದೀರಾ?"

"ಯಾರ್ಗೂ ಇಲ್ಲ ಕಣವ್ವ. ಹೇಳೋ ಮಾತಾ ಅದು? ನಂಗೂ ಪೈಲ್ಸಾಗಿ ಆಪರೇಸನ್ ಆಗೈತೆ. ಕುಂತು ಕುಂತು ಬಂದಿದ್ದು. ನಮ್ಮನೆಯವಳಿಗೇ ಒಂದು ವರ್ಸ ಹೇಳಿರ್ನಿಲ್ಲ."

ಆ ಮಾತನ್ನೂ ಅಳೆದು ತೂಗಿ ನೋಡಿದೆ. ಸುಳ್ಳೆನ್ನಲು ಏನೂ ಸಿಗಲಿಲ್ಲ.

ಅಂದು ವಾಪಸ್ ಟ್ರಿಪ್ಪಿನಲ್ಲಿ ಅವರು ದಾರಿಯ ಪೆಟ್ರೋಲ್ ಬಂಕಿನ ಮುಂದೆ ಬಸ್ಸು ನಿಲ್ಲಿಸಿದರು. ಬಂಕಿನ ಹಿಂದೆ ಹೆಂಗಸರ ಶೌಚಾಲಯವಿತ್ತು.

"ಯಾಕಣ್ಣ ನಿಲ್ಸಿದ್ದು? ಟೈಮಾಯ್ತು!" ಎಂದು ಹಿಂದಿನಿಂದ ಯಾರೋ ಕೂಗಿದರು.

"ಟೈರ್ ನೋಡ್ಬೇಕು, ಸುಮ್ಕೆ ಕುಂತ್ಕಳಿ" ಎಂದು ಅವರು ಕೆಳಗಿಳಿದು ಚಕ್ರದ ಪಕ್ಕ ಬಗ್ಗಿದರು. ನಾನು ಬ್ಯಾಗು ಹೆಗಲಿಗೇರಿಸಿ ಇಳಿದೆ. ನನ್ನ ಹಿಂದೆಯೇ ಇನ್ನೂ ನಾಲ್ಕು ಜನ ಹೆಂಗಸರು ಸರಸರನೆ ಇಳಿದು ಬಂದರು.